ಗವಾಕ್ಷಿ ಬಿಟ್ಟ ನಕ್ಷೆ

ಮಧ್ಯಾಹ್ನ ಮೂರಕ್ಕೆ ಅಷ್ಟೂ ತಲೆ ಒಟ್ಟಿಗೆ ವಾಲುತ್ತವೆ.
ವಿನೋಬನಗರ, ಎರಡನೇ ಮಹಡಿ, ಓದುವ ಕೋಣೆ.
ತಿಂಗಳಿಗೆ ಏಳುನೂರು, ಕುರ್ಚಿಗೊಂದು ಪ್ಲಗ್ಗು.
ಪಿಡಿಒ, ಎಫ್‌ಡಿಎ, ಸಬ್ ಇನ್‌ಸ್ಪೆಕ್ಟರು:
ನಲವತ್ತೆರಡು ಜನ, ತೆರೆಯದ ಗಾಜು,
ಗೋಡೆಯಲ್ಲೊಂದು ಎಸಿ
ಒಬ್ಬರು ಬಿಟ್ಟದ್ದನ್ನೇ ತಣ್ಣಗೆ ಮಾಡಿ
ಇನ್ನೊಬ್ಬರಿಗೆ ಕೊಡುತ್ತದೆ.

"ರಾತ್ರಿಯೆಲ್ಲ ಮೊಬೈಲು, ಇನ್ನೇನಾಗುತ್ತೆ" ಎಂದರು
ಮಾಲೀಕ ಶಾಂತವೀರಪ್ಪ.
ಆಯನೂರಿನ ಹಾಲಮ್ಮ ಮಾತ್ರ ನನ್ನ ಕೇಳಿದಳು:
"ಆಚೆ ಮೆಟ್ಟಿಲ ಮೇಲೆ ಕೂತರೆ
ಅದೇ ಪುಟ ತಲೆಗೆ ಹತ್ತುತ್ತೆ ಸಾರ್. ಯಾಕೆ?"

ನಾನು ನಕ್ಷೆ ಬರೆಯುವವನು.
ದುರ್ಗಿಗುಡಿಯ ಓಣಿಯಲ್ಲಿ ಇಪ್ಪತ್ತಾರು ವರ್ಷ
ವಾಸ್ತುವಿಗೆ ಬಾಗಿಲು ತಿರುಗಿಸಿದ್ದೇನೆ,
ಬ್ಯಾಂಕಿಗೆ ಬೇಕಾದಷ್ಟು ಚದರಡಿ ಹಿಗ್ಗಿಸಿದ್ದೇನೆ.
ಗಾಳಿಯ ವಿಷಯ ಯಾರೂ ಎತ್ತಿರಲಿಲ್ಲ.
ನಕ್ಷೆಯಲ್ಲಿ ಅದು ಗೆರೆಗಳ ನಡುವಿನ ಬಿಳಿ ಕಾಗದ.

ಹುಡುಕಿದೆ.
ಈ ಪ್ರಶ್ನೆಗೆ ಲೋಕ ಉತ್ತರ ಬರೆದಿಟ್ಟಿದೆ,
ಬರೆದು ಬೀಗ ಹಾಕಿದೆ.
ಮೂವತ್ತೊಂಬತ್ತು ಡಾಲರಿಗೆ ನಲವತ್ತೆಂಟು ಗಂಟೆ.
ಸಾರಾಂಶ ಪುಕ್ಕಟೆ,
ಹೋಟೆಲಿನಾಚೆ ನಿಂತವನಿಗೆ ಒಗ್ಗರಣೆಯ ವಾಸನೆ.

ಇಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯ.
ಹೊರಗಿನವರಿಗೆ ಪ್ರವೇಶವಿಲ್ಲ, ಬೋರ್ಡಿದೆ.
ಫಿಲೋಮಿನಾ ಡಿಕೋಸ್ತಾ ಕನ್ನಡಕ ಏರಿಸಿ ಕೇಳಿದರು,
"ಏನು ಬೇಕಿತ್ತು?"
"ಗಾಳಿ" ಎಂದುಬಿಟ್ಟೆ.
ಆಕೆ ನಗಲಿಲ್ಲ. ಕೀಲಿಗೊಂಚಲು ತೆಗೆದರು.

ನೆಲಮಾಳಿಗೆ. ಕಬ್ಬಿಣದ ಬೀರು.
ನುಸಿಗುಳಿಗೆಯ ಘಾಟು, ಬೆಳ್ಳಿಹುಳು,
ಬಾಗಿಲು ಎಳೆದದ್ದೇ ಇಬ್ಬರೂ ಸೀನಿದೆವು.
ವಾತಾಯನದ ಹನ್ನೊಂದು ಸಂಪುಟ
ಅಲ್ಲಿ ಉಸಿರುಗಟ್ಟಿ ಕೂತಿದ್ದವು.

ಓದಿದೆ. ಇಂಗ್ಲಿಷು ಜಲ್ಲಿಯ ಹಾಗೆ, ಬರಿಗಾಲಿಗೆ ಚುಚ್ಚಿತು.
ಸೂತ್ರ ಬಂದಲ್ಲಿ ದಾಟಿದೆ, ಚಿತ್ರ ಬಂದಲ್ಲಿ ನಿಂತೆ.
ಗಾಳಿಗೆ ಬರುವ ದಾರಿಯೊಂದೇ ಸಾಲದು,
ಹೋಗುವುದಕ್ಕೂ ಬೇಕು.
ಬಿಸಿಯುಸಿರು ಮೇಲೇರುತ್ತದೆ, ಮೇಲೆ ಕಿಂಡಿಯಿಲ್ಲದಿದ್ದರೆ
ಮರಳಿ ಬಂದು ಓದುವವನ ರೆಪ್ಪೆಯ ಮೇಲೆ ಕೂರುತ್ತದೆ.

ಬೀರುವಿನಲ್ಲಿ ಸಿಗದ ಒಂದು ಲೇಖನಕ್ಕೆ
ಬರೆದವರಿಗೇ ಪತ್ರ ಹಾಕಿದೆ, ತಪ್ಪು ಇಂಗ್ಲಿಷಿನಲ್ಲಿ.
ನಸುಕಿಗೆ ಉತ್ತರ ಬಂದಿತ್ತು,
ಇಪ್ಪತ್ತೆರಡು ಪುಟ, ಬೀಗವಿಲ್ಲದೆ.
ಜೊತೆಗೊಂದು ಸಾಲು:
ಅಳೆದ ಮೇಲೆ ನಿಮ್ಮ ಅಂಕಿ ನನಗೂ ಕಳಿಸಿ.

ಕಾಲೇಜಿನ ಲ್ಯಾಬಿನಿಂದ ಫಿಲೋಮಿನಾ ತಂದ ಮೀಟರು,
ಅಂಗೈಯಷ್ಟು.
ಬೆಳಿಗ್ಗೆ ಒಂಬತ್ತಕ್ಕೆ ನಾನೂರ ಅರವತ್ತು.
ಹನ್ನೊಂದಕ್ಕೆ ಸಾವಿರದ ನಾನೂರು.
ಮೂರಕ್ಕೆ ಎರಡು ಸಾವಿರದ ಎಂಟುನೂರ ಎಪ್ಪತ್ತು.
ಮೆಟ್ಟಿಲ ಮೇಲೆ ನಾನೂರ ಮೂವತ್ತು.
ಹಾಲಮ್ಮ ಎಲ್ಲ ಗುರುತು ಹಾಕಿಕೊಂಡಳು,
ಪಂಚಾಯತ್ ರಾಜ್ ನೋಟ್ಸಿನ ಕೊನೆಯ ಹಾಳೆಯಲ್ಲಿ.

ಗೋಡೆ ಕೊರೆಯುವ ಮುಂಚೆ ತೊಲೆ ಎಲ್ಲಿದೆ ನೋಡಬೇಕಲ್ಲ,
ಮಹಾನಗರ ಪಾಲಿಕೆಯಿಂದ ಹಳೆಯ ನಕ್ಷೆ ತರಿಸಿದೆ.
ಲಿಂಟಲ್ ಮೇಲೆ ನಾಲ್ಕು ಗವಾಕ್ಷಿ ಇದ್ದವು.
ನಾಲ್ಕರ ಮೇಲೂ ಕೆಂಪು ಗೀಟು.
ಕೆಳಗೆ ಸಹಿ: ಕೆ. ಹುಚ್ಚರಾಯ.
ನನ್ನದೇ.

ಆವತ್ತು ಶಾಂತವೀರಪ್ಪ ಅಂದಿದ್ದರು,
"ಧೂಳು, ಪಾರಿವಾಳ, ಮೇಲೆ ಖರ್ಚು ಬೇರೆ. ತೆಗೀರಿ ಅದನ್ನ."
ನಾನು ಉಸಿರೆತ್ತಿರಲಿಲ್ಲ.
ಬಿಲ್ಲು ಬಾಕಿಯಿತ್ತು.

ಭಾನುವಾರ ದಸ್ತಗೀರ್ ಮೇಸ್ತ್ರಿ ಎರಡು ಕೊರೆದ.
ಎರಡಕ್ಕೇ ಒಪ್ಪಿಗೆ, ಒಂದರ ಕೂಲಿ ನನ್ನದು.
ಮೊದಲ ಇಟ್ಟಿಗೆ ಜಾರಿದಾಗ ಒಳಗೆ ಬಂದದ್ದು
ಆಟೋ ಹಾರನ್ನು, ಬಜ್ಜಿಯ ಕಮಟು, ಒಂದು ಸೊಳ್ಳೆ.
"ಗಲಾಟೆ ಸಾರ್" ಎಂದು ಮುಖ ಸಿಂಡರಿಸಿದಳು ಹಾಲಮ್ಮ.

ಸೋಮವಾರ ಮೂರಕ್ಕೆ ಸಾವಿರದ ಇನ್ನೂರ ಹತ್ತು.
ಇನ್ನೂ ಹೆಚ್ಚೇ.
ಆದರೂ ಮೂಲೆಯಲ್ಲಿ ಯಾರೋ ಪುಟ ತಿರುವಿದ ಸದ್ದು.

ಅಂಕಿಗಳನ್ನು ಆ ಪ್ರೊಫೆಸರಿಗೆ ಕಳಿಸಿದೆ,
ಕೋಣೆಯ ಅಳತೆ, ಜನ, ವೇಳೆ, ಎಲ್ಲ.
ಕೆಂಪು ಗೀಟು ಯಾರದೆಂದು
ಬರೆಯಲಿಲ್ಲ.