ಎರಡು ಎಂಬಿಯ ಒಳಗೆ

ಬಾಲರಾಜ ಅರಸ್ ರಸ್ತೆ, ಜೆರಾಕ್ಸ್ ಅಂಗಡಿಯ ಒಳಮೂಲೆಯಲ್ಲಿ
ನನ್ನ ಕಂಪ್ಯೂಟರು. ಜಾತಿ, ಆದಾಯ, ಪಹಣಿ, ವಂಶವೃಕ್ಷ.
ಪುಟಕ್ಕೆ ಮೂವತ್ತು ರೂಪಾಯಿ.

ಶಂಕರಘಟ್ಟದ ಬಸ್ಸಿಳಿದು ಬಂದಳು ಇಖ್ಲಾಸ್.
ಜೀವರಸಾಯನ, ಎರಡನೇ ವರ್ಷ. ಊರು ಒಮ್ದುರ್ಮಾನ್.
"ಅಕ್ಕಾ, ಅಮ್ಮನ ಅರ್ಜಿ" ಅಂದಳು,
ಹಾಸ್ಟೆಲಿನ ಅಡುಗೆಯವರು ಕಲಿಸಿದ ಕನ್ನಡದಲ್ಲಿ.

ಅವಳಣ್ಣ ಇರುವ ದೇಶ ಬಹಳ ಚಳಿಯದಂತೆ.
ಯುದ್ಧ ಬಿಟ್ಟು ಬಂದವರಿಗೆ ಅಲ್ಲಿ ಮೂರು ವರ್ಷದ ಜಾಗವುಂಟು,
ಅರ್ಹರಾದರೆ.

ಒಂದನೇ ಕಲಂ: ಗುಂಡು ಹಾರಲು ಶುರುವಾದ ದಿನ
ಅರ್ಜಿದಾರರು ಅಲ್ಲೇ ವಾಸವಿದ್ದರೇ?
ಇದ್ದರು.
ದಾಖಲೆ ಲಗತ್ತಿಸಿ.
ಕರೆಂಟು ಬಿಲ್ಲು, ಬಾಡಿಗೆ ಕರಾರು, ಯಾವುದಾದರೂ.
"ಬಿಲ್ಲು ಬೀರುವಲ್ಲಿತ್ತು."
ಬೀರು ಎಲ್ಲಿ?
ಮುಷ್ಟಿ ಕಟ್ಟಿ, ಬೆರಳುಗಳನ್ನು ಒಮ್ಮೆಲೇ ಬಿಚ್ಚಿದಳು.

ಉಳಿದಿರುವುದು ಫೋನಿನೊಳಗೊಂದು ದನಿ. ನಲವತ್ತೊಂದು ಸೆಕೆಂಡು,
ಅದೇ ದಿನ, ಬೆಳಗಿನ ಹತ್ತರದ್ದು.
ನನಗೆ ಅರಬ್ಬಿ ಬಾರದು. ದೂರದಲ್ಲಿ ಏನೋ ಕುಸಿದ ಸದ್ದು,
ಒಂದು ಕೋಳಿ, ಆಮೇಲೆ ಆಕೆ ನಕ್ಕಿದ್ದು.
"ಏನಂತಾರೆ?"
"ನನ್ನ ಪರೀಕ್ಷೆ ಯಾವಾಗ ಅಂತ."

ಪಿಡಿಎಫ್ ಮಾತ್ರ, ಎರಡು ಎಂಬಿಯ ಒಳಗೆ.
ಹೇಳು, ಬರೆಯುತ್ತೇನೆ ಅಂದೆ. ಅವಳ ಅರಬ್ಬಿ ಅವಳ ಅರೆಗನ್ನಡಕ್ಕೆ,
ಅಲ್ಲಿಂದ ನನ್ನ ಪಿಯುಸಿ ಇಂಗ್ಲಿಷಿಗೆ ದಾಟುವಷ್ಟರಲ್ಲಿ
ಕೋಳಿ ಎಲ್ಲೋ ತಪ್ಪಿಹೋಯಿತು.
ಛಾಪಾಕಾಗದ. ನೋಟರಿ ರುದ್ರೇಶಪ್ಪನವರು ಕನ್ನಡಕ ಏರಿಸಿ
"ಇದೆಂತಾ ಊರು ಮಾರಾಯ್ತಿ, ಬಾಯಲ್ಲೇ ನಿಲ್ಲಲ್ಲ" ಅಂದರು,
ಸೀಲು ಒತ್ತಿ ಅರ್ಧ ದುಡ್ಡು ವಾಪಸು ಕೊಟ್ಟರು.

ನನ್ನಪ್ಪನೂ ಕಾಗದ ಹಿಡಿದು ಇದೇ ರಸ್ತೆ ತುಳಿದವನು.
ಲಿಂಗನಮಕ್ಕಿಯ ನೀರು ಮನೆಯ ಮೇಲೆ ನಿಂತಾಗ ಅವನಿಗೆ ಒಂಬತ್ತು.
ಯುದ್ಧವಲ್ಲ; ನಾಡಿಗೆ ದೀಪ ಬೇಕಿತ್ತಂತೆ.
ಮೇ ತಿಂಗಳಲ್ಲಿ ಹಿನ್ನೀರು ಇಳಿದರೆ ಹೊಸಿಲ ಕಲ್ಲು ಕಾಣುತ್ತಿತ್ತು.
ಕೆಸರು ತುಳಿದು ಹೋಗಿ ಅದರ ಮೇಲೆ ಕೂತು,
ಒಂದು ಬೀಡಿ ಸೇದಿ ಬರುತ್ತಿದ್ದ.
ಕಲ್ಲನ್ನು ಅರ್ಜಿಯ ಜೊತೆ ಲಗತ್ತಿಸಲು ಬರುತ್ತಿರಲಿಲ್ಲ.
ಬದಲಿಗೆ ಕೊಟ್ಟ ಜಾಗದ ಚೀಟಿಯಲ್ಲಿ ಬರೆದದ್ದು: ತಾತ್ಕಾಲಿಕ.
ಆ ಜಾಗದಲ್ಲೇ ಅವನನ್ನು ಸುಟ್ಟೆವು.

ಇದನ್ನು ಇಖ್ಲಾಸಿಗೆ ಹೇಳಲಿಲ್ಲ.
ಅವಳು ಕೊನೆಯ ಕಲಂ ಮೇಲೆ ಬೆರಳಿಟ್ಟು ಕೂತಿದ್ದಳು:
ಎಷ್ಟು ಕಾಲ ಇರಲು ಇಚ್ಛಿಸುತ್ತೀರಿ?
ಫೋನು ಹಚ್ಚಿದಳು. ಗಡಿಯಾಚೆ ಯಾವುದೋ ಶಾಲೆಯ ಜಗಲಿಯಿಂದ
ತಾಯಿ ತುಂಬ ಹೊತ್ತು ಮಾತಾಡಿದರು.
"ಏನಂದ್ರು?"
"ಚಳಿ ತಡೆಯುವಷ್ಟು ದಿನ."

ಅಂಕಿಗಳಲ್ಲಿ ಮಾತ್ರ ನಮೂದಿಸಿ, ಎಂದಿತು ಕೆಂಪಕ್ಷರ.
ನಾವಿಬ್ಬರೂ ಲೆಕ್ಕ ಹಾಕುತ್ತಿರುವಾಗಲೇ ಪರದೆ ಬೆಳ್ಳಗಾಯಿತು.
ನಿಮ್ಮ ಅವಧಿ ಮುಗಿದಿದೆ. ಮತ್ತೆ ಮೊದಲಿನಿಂದ.

ಹೊರಗೆ ಭದ್ರಾವತಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು.
ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ.
ಅರ್ಜಿದಾರರ ಹೆಸರು:
ಈಗ ಕೀಲಿಮಣೆ ನೋಡದೆಯೂ ಹೊಡೆಯಬಲ್ಲೆ,
ಸುಆದ್ ಅಲ್-ತಯ್ಯಿಬ್.