ಎರಡೇ ರೆಕ್ಕೆ

ದುಂಬಿ ಅಂದುಕೊಂಡೆ ಮೊದಲು.
ಕಂದು ತುಪ್ಪಳ, ಬಾಲದ ಕಡೆ ಬಿಸ್ಕತ್ತಿನ ಬಣ್ಣ.
ಒಣಗಿ ಮಲಗಿದ ಡ್ಯಾಫೊಡಿಲ್ ಎಲೆಗಳ ಮೇಲೆ
ಏನೋ ಕಳಕೊಂಡವಳ ಹಾಗೆ ಸುತ್ತುತ್ತಿತ್ತು.
ಸದ್ದು ಮಾತ್ರ ದುಂಬಿಯದಲ್ಲ,
ಗಂಟಲು ಕಟ್ಟಿದ ಪುಟ್ಟ ಮೋಟಾರು.

ಪಕ್ಕದ ಮನೆಯ ಕೆರೆನ್ಸಾ, ಒಂಬತ್ತು ವರ್ಷ,
ಬೇಲಿಯ ಕಿಂಡಿಯಿಂದಲೇ ತೀರ್ಪು ಕೊಟ್ಟಳು:
"ರೆಕ್ಕೆ ಎಣಿಸಿ. ನಾಲ್ಕಿದ್ದರೆ ದುಂಬಿ, ಎರಡಿದ್ದರೆ ನೊಣ."

ಎಪ್ಪತ್ತೆರಡು ತುಂಬಿದ ಮೇಲೆ ನನಗೆ ಉಳಿದ ಕೆಲಸ
ನೊಣ ಹೊಡೆಯುವುದು ಅಂತ ವೆನ್ನಾ ಅನ್ನುತ್ತಾಳೆ.
ಎಣಿಸುವುದು ಅಂತ ಯಾರೂ ಹೇಳಿರಲಿಲ್ಲ.

ಜಾಮ್ ಬಾಟಲಿಯಲ್ಲಿ ಹಿಡಿದು
ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟೆವು, ಮಂಪರು ಬರಲೆಂದು.
"ಬೆಣ್ಣೆಯ ಪಕ್ಕ ನೊಣವೇ!" ಎಂದು ವೆನ್ನಾ
ಬೆಣ್ಣೆಯನ್ನು ಮೇಲಕ್ಕೆ ಎತ್ತಿಟ್ಟಳು. ನೊಣವನ್ನು ಮುಟ್ಟಲಿಲ್ಲ.

ಹಳೆಯ ಮಸೂರ ಹುಡುಕಿ ತಂದೆ.
ಕ್ಯಾಂಬೋರ್ನಿನ ಗಣಿಯಲ್ಲಿ ಇಪ್ಪತ್ತಾರು ವರ್ಷ
ಕಲ್ಲಿನ ಚೂರನ್ನು ಕಣ್ಣಿಗೆ ಹತ್ತಿರ ತಂದು
ತವರ ಇದೆಯೋ ಇಲ್ಲವೋ ಹೇಳಿದ ಮಸೂರ.
ಗಣಿ ಮುಚ್ಚಿದ ದಿನ ಹೆಲ್ಮೆಟ್ಟು ಕೊಟ್ಟು ಬಂದೆ,
ಇದನ್ನು ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ.

ಎರಡೇ ರೆಕ್ಕೆ.
ಇನ್ನೆರಡು ಇರಬೇಕಾದಲ್ಲಿ ಉಪ್ಪಿನ ಹರಳಿನಂಥ ಗುಂಡು.
ಕಣ್ಣುಗಳ ನಡುವೆ ಕೂದಲೆಳೆಯಷ್ಟು ಓಣಿ.
"ಕಣ್ಣು ಕೂಡಿದ್ದರೆ ಗಂಡು. ಇದು ಹೆಣ್ಣು,"
ಪುಸ್ತಕದ ಮೇಲೆ ಬೆರಳಿಟ್ಟು ಓದಿದಳು ಕೆರೆನ್ಸಾ.
ಹಿಂಗಾಲಿನ ತೊಡೆ ದಪ್ಪ, ತುದಿಯಲ್ಲೊಂದು ಮೊನಚು ಗಂಟು.
"ಈಗ ರೆಕ್ಕೆಯ ನರ. ಒಂದು ಕೆಳಗೆ ಬಾಗಿರಬೇಕು, ನೋಡಿ."

ಅದನ್ನು ನನಗೆ ಹೇಳಿಕೊಡಬೇಕೆ?
ನೆಟ್ಟಗೆ ಹೋಗುತ್ತಿದ್ದ ಎಳೆ
ಒಮ್ಮೆಲೇ ಕೆಳಗೆ ಜಗ್ಗಿ, ಬಟ್ಟಲಾಗಿ, ಮತ್ತೆ ಮೇಲೆದ್ದಿತ್ತು.
ನಾನೂರು ಮೀಟರು ಆಳದಲ್ಲಿ ಅದಿರಿನ ಎಳೆ
ಹೀಗೇ ತಪ್ಪಿಸಿಕೊಂಡಾಗ ಮೂರು ವಾರ
ಬರಿ ಬಂಡೆ ಕೊರೆದಿದ್ದೆವು,
ನಾನು, ಡೆನ್ಝಿಲ್ ಪೆಂಗೆಲಿ, ಅವನ ತಮ್ಮ.

ಹೆಸರು ಸಿಕ್ಕಿತು: ಗೆಡ್ಡೆ ನೊಣ.
ಕೆಳಗೆ ಸಣ್ಣಕ್ಷರದಲ್ಲಿ ಅವಳ ಬಾಳು:
ಡ್ಯಾಫೊಡಿಲ್ ಬುಡದಲ್ಲಿ ಮೊಟ್ಟೆ, ಗೆಡ್ಡೆಗೊಂದೇ ಮರಿ,
ಕತ್ತಲಲ್ಲಿ ಕೊರೆಯುತ್ತ, ತಿನ್ನುತ್ತ,
ಒಳಗಿನ ಹೂವು ಮುಗಿಯುವವರೆಗೆ.

ಈ ಮಾರ್ಚಿನಲ್ಲಿ ಮೂವತ್ತು ಗೆಡ್ಡೆಗೆ ಹನ್ನೊಂದು ಹೂವು.
ಉಳಿದದ್ದೆಲ್ಲ ಹುಲ್ಲು. ಮಣ್ಣಿಗೆ ಬೈದಿದ್ದೆ,
ಗೆಡ್ಡೆ ಮಾರಿದವನಿಗೂ ಬೈದಿದ್ದೆ.

"ಕೊಲ್ಲುತ್ತೀರಾ?" ಕೇಳಿದಳು ಹುಡುಗಿ.

ತವರ ಬಗೆದು ಬಗೆದು
ತವರೂರನ್ನೇ ಟೊಳ್ಳು ಮಾಡಿದವರು ನಾವು;
ಇವತ್ತಿಗೂ ಮಳೆ ಜೋರಾದರೆ ಯಾರದೋ ಹಿತ್ತಲು ಕುಸಿಯುತ್ತದೆ.
ಇದನ್ನೆಲ್ಲ ಒಂಬತ್ತು ವರ್ಷದವಳಿಗೆ ಹೇಗೆ ಹೇಳುವುದು?
ಹೇಳಲಿಲ್ಲ. ಅಂಗೈಯಲ್ಲಿ ಅದು
ನಡುಗಿ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿತ್ತು.
ನನ್ನ ಹೆಬ್ಬೆರಳು ಮೇಲೆಯೇ ಇತ್ತು,
ಇನ್ನೂ ಯೋಚಿಸುತ್ತಿತ್ತು.

ಆಮೇಲೆ ಕೈ ಖಾಲಿ.

ಕೆರೆನ್ಸಾ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಳು:
ಜೂನ್ ಒಂಬತ್ತು. ಬಿಸಿಲು. ಹೆಣ್ಣು, ಒಂದು.
ಗುರುತಿಸಿದವರು: ಹೆಡ್ಲಿ ಆಂಗೋವ್.
ನನ್ನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು.
ತಿದ್ದೋಣವೆಂದು ಪೆನ್ನು ಕೇಳುವಷ್ಟರಲ್ಲಿ
ಮತ್ತೆ ಆ ಸದ್ದು, ಡ್ಯಾಫೊಡಿಲ್ ಕಡೆಯಿಂದ.