ಮಣಿಕಟ್ಟಿನ ಪಟ್ಟಿ

ಬಿಷ್ಕೆಕ್‌ನಿಂದ ಬಂದವರು ಇಬ್ಬರು, ಜೊತೆಗೊಂದು ರಟ್ಟಿನ ಪೆಟ್ಟಿಗೆ.
ಅದರಲ್ಲಿ ಇಪ್ಪತ್ತಾರು ಕಪ್ಪು ಪಟ್ಟಿ,
ಏಳನೇ ತರಗತಿಯ ಇಪ್ಪತ್ತಾರು ಮಣಿಕಟ್ಟಿಗೆ.
ಹೆಜ್ಜೆ ಎಣಿಸುತ್ತದಂತೆ. ಮಲಗುವಾಗಲೂ ಬಿಚ್ಚಬಾರದಂತೆ.
ಹೆಚ್ಚು ಓಡುವ ಮಗುವಿಗೆ ಹೆಚ್ಚು ಅಂಕವೇ?
ಇಷ್ಟೇ ಅವರ ಪ್ರಶ್ನೆ.
ಎಜೆ, ಅಂದರೆ ಅಕ್ಕಾ, ಎಂದು ಮಕ್ಕಳು ಕರೆಯುವ
ಗಣಿತದ ಟೀಚರು ನಾನು,
ಅಂಕದ ಕಾಲಂ ತುಂಬುವವಳು.

ಮೊದಲ ವಾರ ಬರೀ ತಮಾಷೆ.
ನರಿನ್ ಹೊಳೆಯ ಸೇತುವೆಯ ಮೇಲೆ ಹುಡುಗರು
ಸುಮ್ಮಸುಮ್ಮನೆ ಹೋಗಿ ಬಂದರು, ಹೋಗಿ ಬಂದರು.
ಎರಡನೇ ವಾರ ಎಲ್ದಿಯಾರ್
ಒಂದೇ ದಿನ ನಲವತ್ತೊಂದು ಸಾವಿರ ಹೆಜ್ಜೆ ಹಾಕಿದ,
ಅದೂ ಜ್ವರವೆಂದು ರಜೆ ಹಾಕಿದ ದಿನ.
ಮನೆಗೆ ಹೋಗಿ ನೋಡಿದರೆ
ಪಟ್ಟಿ ನಾಯಿಯ ಕುತ್ತಿಗೆಯಲ್ಲಿ.
ಇದಕ್ಕೆಷ್ಟು ಅಂಕ ಕೊಡಲಿ, ಎಂದೆ.
ಅವನಜ್ಜಿ ನಕ್ಕೂ ನಕ್ಕೂ ಚಹಾ ಚೆಲ್ಲಿದಳು.

ಐಜಿರೆಕ್‌ಳ ಪಟ್ಟಿ ಮಾತ್ರ ಸುಳ್ಳು ಹೇಳಲಿಲ್ಲ.
ದಿನಕ್ಕೆ ಇಪ್ಪತ್ತೆರಡು ಸಾವಿರ, ಇಡೀ ತರಗತಿಗೇ ಮೊದಲು.
ಅಂಕ? ಐದಕ್ಕೆ ಮೂರು. ಆಮೇಲೆ ಎರಡು.
ಮನೆಯ ನಲ್ಲಿ ಹೆಪ್ಪುಗಟ್ಟಿದೆ,
ಬೀದಿಯ ಆ ಕೊನೆಯಿಂದ ನೀರು,
ತಮ್ಮನನ್ನು ಶಿಶುವಿಹಾರಕ್ಕೆ ಬಿಡುವುದು, ಹಸುವಿಗೆ ಹುಲ್ಲು,
ಮತ್ತೆ ನೀರು.
ಮೊದಲ ಪೀರಿಯಡ್ಡಿಗೇ ನಿದ್ದೆ ಹೋಗುತ್ತಾಳೆ,
ಕೆನ್ನೆಯಡಿ ಭಿನ್ನರಾಶಿ.
ನಾನು ಎಬ್ಬಿಸುವುದಿಲ್ಲ.
ನಿದ್ದೆಗೆ ಫಾರಂನಲ್ಲಿ ಕಾಲಂ ಇಲ್ಲ.

ಫೆಬ್ರವರಿಯಲ್ಲೊಂದು ದಿನ ಬಾಯ್ಲರ್ ಕೆಟ್ಟಿತು.
ಪೆನ್ನು ಬರೆಯಲೊಲ್ಲದು, ಬೆರಳು ಮಡಚಲೊಲ್ಲದು.
ಗಣಿತ ಆಮೇಲೆ, ಏಳಿ ಅಂಗಳಕ್ಕೆ, ಎಂದೆ.
ಗಾಳಿ ಅರ್ಧ ಇಳಿದ ಚೆಂಡು,
ಗೋಲಿನ ಕಂಬಕ್ಕೆ ಎರಡೆರಡು ಶಾಲೆಯ ಚೀಲ.
ಐಜಿರೆಕ್ ಗೋಡೆಗೆ ಆತು ನಿಂತಿದ್ದಳು.
ಚೆಂಡು ತಾನಾಗಿ ಅವಳ ಕಾಲಿಗೆ ಬಂತು.
ಒದ್ದಳು ನೋಡಿ!
ಬಕೆಟ್ಟಿಲ್ಲದ ಎರಡು ಕೈ
ಎಲ್ಲಿರಬೇಕೆಂದು ತಿಳಿಯದೆ ಗಾಳಿಯಲ್ಲಿ ತಡಕಾಡಿದವು.
ಕೂಗಿದಳು. ಆರು ತಿಂಗಳಲ್ಲಿ
ಅವಳ ಗಟ್ಟಿ ದನಿ ನಾನು ಕೇಳಿದ್ದು ಅದೇ ಮೊದಲು.

ಒಳಗೆ ಬಂದರು, ಕಿವಿ ಕೆಂಪು, ಮೂಗು ಸೋರುತ್ತ.
ಇಪ್ಪತ್ತಾರು ಉಸಿರಿಗೆ ಕಿಟಕಿ ಮಬ್ಬಾಯಿತು.
ಮೂರನೇ ಎರಡು, ಐದನೇ ನಾಲ್ಕು,
ಯಾವುದು ದೊಡ್ಡದು?
ಎದ್ದು ಬಂದವಳು ಅವಳು.
ಕಪ್ಪುಹಲಗೆ ಬಿಟ್ಟು ಆ ಗಾಜಿನ ಮೇಲೇ
ರೊಟ್ಟಿಯಂಥದೊಂದು ಬರೆದು, ಹದಿನೈದು ಭಾಗ ಮಾಡಿ,
ಹತ್ತು ಇಲ್ಲಿ, ಹನ್ನೆರಡು ಇಲ್ಲಿ, ಎಂದಳು.
ಗೆರೆಗಳು ನೀರಾಗಿ ಇಳಿಯುವ ಮುಂಚೆ
ಅಂಕ ಬರೆದುಕೊಂಡೆ.

ಆ ದಿನದ ಅವಳ ಹೆಜ್ಜೆ ಹದಿನಾಲ್ಕು ಸಾವಿರ.
ಎಂದಿಗಿಂತ ಕಡಿಮೆ.
ನೀರಿಗೆ ಅಂದು ಅಣ್ಣ ಹೋಗಿದ್ದನಂತೆ.

ಬಾಯ್ಲರ್ ಈಗ ಸರಿಯಾಗಿದೆ.
ಚೆಂಡು ನನ್ನ ಬೀರುವಿನಲ್ಲಿದೆ, ಚಾಕ್‌ಪೀಸಿನ ಪಕ್ಕ,
ಬೀಗದ ಕೈ ಅವಳ ಹತ್ತಿರ.
ಅವಳಣ್ಣನಿಗೊಂದು ಚೀಟಿ ಬರೆದಿದ್ದೇನೆ, ಸ್ವಲ್ಪ ಖಾರವಾಗಿಯೇ.

ಬಿಷ್ಕೆಕ್‌ನಿಂದ ಫೋನು:
ಈ ಒಂದು ಹುಡುಗಿಯ ಲೆಕ್ಕ ಕೂಡುತ್ತಿಲ್ಲವಲ್ಲ ಎಜೆ,
ಪಟ್ಟಿ ಕೆಟ್ಟಿದೆಯೇ?
ಕೆಟ್ಟಿಲ್ಲ, ಎಂದೆ.
ನಾಯಿಯದೊಂದು ಬಿಟ್ಟು ಎಲ್ಲವೂ ಸರಿಯಿದೆ.